ಮುಂಬಾಗಿಲಿನಿಂದ ಬಂದ ಗೋಲು

ಅಮೆರಿಕದ ಮನೆಗಳಿಗೆ ಮುಂಬಾಗಿಲು ಎಂಬುದೊಂದು ಯಾಕಿದೆಯೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದಕ್ಕೆ ಹಿತ್ತಾಳೆಯ ಹಿಡಿ, ಎರಡೂ ಬದಿಗೆ ಹೂಕುಂಡ, ಕೆಳಗೆ ಸ್ವಾಗತ ಕೋರುವ ಕಾಲೊರಸು, ಎಲ್ಲವೂ ಇರುತ್ತದೆ. ಅಲ್ಲಿಗೆ ಬರುವವರು ಮಾತ್ರ ಪಿಜ್ಜಾ ತರುವವನು ಮತ್ತು ಧರ್ಮ ಪ್ರಚಾರಕರು. ಮನೆಯವರೆಲ್ಲ ಕಾರಿನ ಸಮೇತ ಗರಾಜಿಗೆ ನುಗ್ಗಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಹಾದು, ನೇರವಾಗಿ ಅಡುಗೆಮನೆಯಲ್ಲಿ ಉದ್ಭವಿಸುತ್ತಾರೆ. ಮೈಸೂರಿನಿಂದ ಮೊದಲ ಸಲ ಬಂದ ನಮ್ಮತ್ತೆ ಈ ರಾಜಮಾರ್ಗವನ್ನು ಕಂಡು ಕಂಗಾಲಾದರು. "ಅಲ್ವೋ ಪ್ರಕಾಶ, ಲಕ್ಷ್ಮಿ ಬರೋದಾದ್ರೂ ವಾಷಿಂಗ್ ಮಷೀನ್ ದಾಟ್ಕೊಂಡೇ ಬರ್ಬೇಕೇನೋ?" ಎಂದು ಮಗನನ್ನು ಕೇಳಿದರು. ಡಿಯರ್‌ಬಾರ್ನಿನಲ್ಲಿ ಹಗಲೆಲ್ಲ ಕಾರಿನ ಬಾಗಿಲುಗಳ ಬಗ್ಗೆಯೇ ಚಿಂತಿಸುವ ಎಂಜಿನಿಯರಾದ ನನ್ನ ಗಂಡ, ಮನೆಯ ಬಾಗಿಲು ತನ್ನ ಇಲಾಖೆಗೆ ಸೇರಿದ್ದಲ್ಲವೆಂದು ಕೈತೊಳೆದುಕೊಂಡ.

ನನಗಂತೂ ಈ ಏರ್ಪಾಡು ಒಳಗೊಳಗೇ ಹಿತವಾಗಿತ್ತು. ಹೊಸ್ತಿಲೇ ಇಲ್ಲದ ಮೇಲೆ ಕಾಲ್ಗುಣ ಎಲ್ಲಿಂದ ಬರಬೇಕು, ನೀವೇ ಹೇಳಿ. ನನ್ನ ಕಾಲ್ಗುಣದ ಚರಿತ್ರೆ ಅಷ್ಟೇನೂ ಉಜ್ವಲವಾದದ್ದಲ್ಲ. ಮದುವೆಯಾಗಿ, ಅತ್ತೆಮನೆಯ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ತಳ್ಳಿ ನಾನು ಒಳಗೆ ಅಡಿಯಿಟ್ಟ ಗಳಿಗೆಯಲ್ಲೇ, ಗೆದ್ದೇ ಬಿಟ್ಟಿದ್ದ ಪಂದ್ಯವೊಂದರಲ್ಲಿ ಭಾರತದ ಕೊನೆಯ ವಿಕೆಟ್ ಉರುಳಿತು. ಆರತಿ ಹಿಡಿದವರೂ ಸೇರಿದಂತೆ ಅಷ್ಟೂ ಜನ ಮೊದಲು ಟೀವಿಯ ಕಡೆ ನೋಡಿ, ಆಮೇಲೆ ನನ್ನ ಪಾದಗಳ ಕಡೆ ನೋಡಿದರು. ಅಂದಿನಿಂದ ಕ್ರಿಕೆಟ್ ಇದ್ದಾಗಲೆಲ್ಲ ಮೈದುನಂದಿರು "ಅತ್ತಿಗೆ, ದಯವಿಟ್ಟು ಹಿತ್ತಲಲ್ಲಿರಿ" ಎಂದು ಕೈ ಮುಗಿಯುತ್ತಿದ್ದರು. ನಾನೂ ನಗುನಗುತ್ತಲೇ ಹೋಗುತ್ತಿದ್ದೆ. ಆದರೆ ಅದೇ ವರ್ಷ ಮಾವನವರು ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ. ವೈಕುಂಠ ಸಮಾರಾಧನೆಯ ದಿನ ಅತ್ತೆ ಯಾರೋ ನೆಂಟರ ಹತ್ತಿರ "ಇವಳು ಕಾಲಿಟ್ಟ ಗಳಿಗೆ..." ಎಂದವರು, ನಾನು ಕಾಫಿ ತಂದದ್ದನ್ನು ಕಂಡು ಸುಮ್ಮನಾದರು. ಮುಂದೆಂದೂ ಅವರ ಬಾಯಲ್ಲಿ ಆ ಮಾತು ಬರಲಿಲ್ಲ. ನನ್ನ ಕಿವಿಯಿಂದ ಅದು ಹೋಗಲೂ ಇಲ್ಲ.

ಇಂಥ ನನ್ನ ಪಾದಗಳಿಗೆ ಆಫ್ರಿಕಾ ಖಂಡದಲ್ಲಿ ಭಾಗ್ಯೋದಯವಾಗಬೇಕೆಂದು ಬರೆದಿತ್ತು. ಆನ್ ಆರ್ಬರಿನ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಅಡಾ ನೈಜೀರಿಯಾದವಳು. ನಮ್ಮ ಬಡಾವಣೆಯಲ್ಲೇ ಎರಡು ಬೀದಿ ಆಚೆ ಅವಳ ಮನೆ. ನನಗಾಗಿ ಮಾಂಸ ಹಾಕದೆ ಮಾಡಿದ ತಮ್ಮ ಕಡೆಯ ಕೆಂಪನೆಯ ಅನ್ನವನ್ನು ಒಮ್ಮೆ ಡಬ್ಬಿಯಲ್ಲಿ ಕೊಟ್ಟಿದ್ದಳು. ಖಾಲಿ ಡಬ್ಬಿ ಹಿಂದಿರುಗಿಸುವುದು ನಮ್ಮಲ್ಲಿ ಮಹಾಪಾತಕವಾದ್ದರಿಂದ ಅದರ ತುಂಬ ಚಿತ್ರಾನ್ನ ಹಾಕಿಕೊಂಡು ಒಂದು ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ಗರಾಜು ಮುಚ್ಚಿತ್ತು, ಮುಂಬಾಗಿಲು ತೆರೆದಿತ್ತು. ನಾನು ಒಳಗೆ ಕಾಲಿಟ್ಟದ್ದೇ ತಡ, ಮನೆಮಂದಿಯೆಲ್ಲ ಒಟ್ಟಿಗೆ ಚೀರಿ ಕುಣಿಯತೊಡಗಿದರು. ಚಿತ್ರಾನ್ನಕ್ಕೆ ಇಷ್ಟೊಂದು ಮರ್ಯಾದೆ ನಾನು ಮೈಸೂರಿನಲ್ಲೂ ಕಂಡಿರಲಿಲ್ಲ.

ವಿಷಯ ಆಮೇಲೆ ತಿಳಿಯಿತು. ಮೇಜಿನ ಮೇಲಿದ್ದ ಸ್ಪೀಕರ್ ಫೋನಿನಲ್ಲಿ ಅಡಾಳ ತಮ್ಮ ನೈಜೀರಿಯಾದ ತಮ್ಮೂರಿನ ಕ್ರೀಡಾಂಗಣದಿಂದ ಅಲ್ಲಿನ ಫುಟ್‌ಬಾಲ್ ಪಂದ್ಯವನ್ನು ವರ್ಣಿಸುತ್ತಿದ್ದ. ಆಟ ಶುರುವಾದಾಗಿನಿಂದ ಸೋಲುತ್ತಿದ್ದ ತಂಡ ನಾನು ಹೊಸ್ತಿಲು ದಾಟಿದ ಕ್ಷಣದಲ್ಲಿ ಗೋಲು ಹೊಡೆದಿತ್ತು. ಮೂಲೆಯ ಆರಾಮ ಕುರ್ಚಿಯಲ್ಲಿದ್ದ ಅಡಾಳ ತಂದೆ, ಎಲ್ಲರೂ ಪಾಪಾ ಎಂದು ಕರೆಯುತ್ತಿದ್ದ ಹಿರಿಯರು, ಊರುಗೋಲನ್ನು ನನ್ನ ಪಾದಗಳತ್ತ ಚಾಚಿ ತಮ್ಮ ಇಗ್ಬೋ ಭಾಷೆಯಲ್ಲಿ ಏನೋ ಹೇಳಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಡಾ ಇಂಗ್ಲಿಷಿನಲ್ಲಿ ಅನುವಾದಿಸಿದಳು: ನನ್ನದು ಒಳ್ಳೆಯ ಕಾಲಂತೆ! ಒಳ್ಳೆಯ ಕಾಲು, ಕೆಟ್ಟ ಕಾಲು ಎಂಬ ವಿಂಗಡಣೆ ಅವರಲ್ಲೂ ಇದೆಯೆಂದೂ, ನಾನು ಮೊದಲನೆಯ ಗುಂಪಿಗೆ ಸೇರಿದವಳೆಂದೂ ತಿಳಿದಾಗ ನಾನು ಡಬ್ಬಿ ಹಿಡಿದುಕೊಂಡೇ ಸೋಫಾದ ಮೇಲೆ ಕುಸಿದೆ. ಮದುವೆಯಾದಂದಿನಿಂದ ಕಾಯುತ್ತಿದ್ದ ತೀರ್ಪು ಅದು. ಮೇಲಿನ ಕೋರ್ಟು ಇಷ್ಟು ದೂರದಲ್ಲಿದೆಯೆಂದು ನನಗೇನು ಗೊತ್ತು!

ಆ ತಂಡಕ್ಕೊಂದು ಉದ್ದನೆಯ ಹೆಸರಿತ್ತು. ಪಾಪಾ ಮಾತ್ರ ಯಾವಾಗಲೂ 'ಹುಡುಗರು' ಎನ್ನುತ್ತಿದ್ದರು. ಪಾಪಾ ತಮ್ಮೂರ ಪೇಟೆಯಲ್ಲಿ ದರ್ಜಿಯಾಗಿದ್ದವರು. ನೈಜೀರಿಯಾದ ಅಂತರ್ಯುದ್ಧ ಮುಗಿದು ಊರೆಲ್ಲ ಮಂಕು ಕವಿದು ಕೂತಿದ್ದಾಗ ಪೇಟೆಯ ದರ್ಜಿಗಳು, ಚಪ್ಪಲಿ ಹೊಲಿಯುವವರು, ಮೀನು ಮಾರುವ ಹೆಂಗಸರು ಸೇರಿ, ಹುಡುಗರಿಗೆ ಬಂದೂಕಿನ ನೆನಪು ಹೋಗಲೆಂದು ಕಟ್ಟಿದ ತಂಡವಂತೆ ಅದು. ಬಿದಿರಿನ ಗೋಲುಕಂಬ, ಮರಳಿನ ಮೈದಾನ. ಯಾರದೋ ಮನೆಯ ಪರದೆಗೆಂದು ತಂದ ನೀಲಿ ಬಟ್ಟೆಯಲ್ಲಿ ಪಾಪಾ ಮೊದಲ ಅಂಗಿಗಳನ್ನು ಹೊಲಿದರು. ಬಟ್ಟೆ ಸಾಲದೆ ಗೋಲ್‌ಕೀಪರನಿಗೆ ತೋಳಿಲ್ಲದ ಅಂಗಿ. ಅವನೋ ಅದನ್ನೇ ಹೊಸ ಫ್ಯಾಷನ್ನೆಂದು ಎದುರಾಳಿಗಳನ್ನು ನಂಬಿಸಿದ. ಮುಂದೆ ಸರ್ಕಾರ ತಂಡವನ್ನು ವಹಿಸಿಕೊಂಡಿತು, ಕೆಟ್ಟ ರಸ್ತೆಗಳಲ್ಲಿ ಕೆಟ್ಟ ಬಸ್ಸುಗಳಲ್ಲಿ ಹೋಗಿ ಹುಡುಗರು ಸೋತು ಬಂದರು, ಕೆಳಗಿನ ದರ್ಜೆಗೆ ಇಳಿದರು, ಹತ್ತಿದರು, ಮತ್ತೆ ಇಳಿದರು. ತಂಡ ಕಟ್ಟಿದವರೆಲ್ಲ ಒಬ್ಬೊಬ್ಬರಾಗಿ ತೀರಿಹೋಗಿ, ಇಡೀ ಆಫ್ರಿಕಾ ಖಂಡದ ಕಪ್ ಊರಿಗೆ ಬರುವುದನ್ನು ನೋಡುವ ಜವಾಬ್ದಾರಿ ಪಾಪಾ ಒಬ್ಬರ ಪಾಲಿಗೆ ಉಳಿದಿತ್ತು. ಅಷ್ಟರಲ್ಲಿ ಅವರ ಹೃದಯ ಕೆಟ್ಟು, ಮಗಳು ಮಿಷಿಗನ್ನಿಗೆ ಕರೆತಂದಿದ್ದಳು. "ಅವರೆಲ್ಲ ಮೇಲೆ ಕೂತು ಕೇಳ್ತಿದಾರೆ ಮಗಳೇ, ನಾನು ಏನಂತ ಹೇಳ್ಕೊಂಡು ಹೋಗಲಿ?" ಎಂದು ಅವರು ನನ್ನನ್ನು ಕೇಳುತ್ತಿದ್ದರು. ಸೋತ ತಂಡವನ್ನು ಕೊನೆತನಕ ಪ್ರೀತಿಸುವವರಿಗೆ ಇಲ್ಲವೆನ್ನಲು ನನಗೆ ಮೊದಲಿನಿಂದಲೂ ಬಾರದು.

ಹೀಗೆ ಆ ತಂಡದ ಏಳಿಗೆಯ ಹೊಣೆ ನನ್ನ ಪಾದಗಳ ಮೇಲೆ ಬಿತ್ತು. ಅವರ ಸಂಜೆಯ ಪಂದ್ಯ ನಮಗೆ ಭಾನುವಾರದ ಬೆಳಗು. ಹುಡುಗರು ಹಿಂದೆ ಬಿದ್ದರೆ ಅಡಾ ಫೋನ್ ಮಾಡುವಳು. ನಾನು ಒಗ್ಗರಣೆಯ ಒಲೆಯನ್ನು ಆರಿಸಿ ಓಡುವೆ. ನಾನು ಮೊದಲೇ ಒಳಗಿದ್ದರೆ ಇನ್ನೂ ತೊಂದರೆ. ಗರಾಜಿನಿಂದ ಹೊರಬಿದ್ದು, ಹಿಮದಲ್ಲಿ ಮನೆಯನ್ನು ಅರ್ಧ ಪ್ರದಕ್ಷಿಣೆ ಹಾಕಿ, ಮುಂಬಾಗಿಲಿನಿಂದ ಮರುಪ್ರವೇಶ ಮಾಡಬೇಕು. ಪಕ್ಕದ ಮನೆಯ ಬಿಳಿಯ ಅಜ್ಜಿ ನನ್ನನ್ನು ಮರೆವಿನ ಕಾಯಿಲೆಯವಳೆಂದು ತಿಳಿದು ಒಮ್ಮೆ ಕೈ ಹಿಡಿದು ದಾರಿ ತೋರಿಸಿದಳು. ಎಷ್ಟೋ ಸಲ ನಾನು ಹೊಕ್ಕರೂ ಗೋಲು ಬರುತ್ತಿರಲಿಲ್ಲ. ಅಂಥವನ್ನು ಯಾರೂ ನೆನಪಿಡುತ್ತಿರಲಿಲ್ಲ. ಹುಡುಗರು ಲೀಗ್ ಗೆದ್ದರು, ಮರುವರ್ಷ ಖಂಡದ ಪಂದ್ಯಾವಳಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಫೈನಲ್ ತಲುಪಿದರು. ಫೈನಲ್ ಅವರೂರಿನಲ್ಲೇ, ಭಾನುವಾರ. ಪಾಪಾರ ಹೃದಯದ ಆಪರೇಷನ್ ಆನ್ ಆರ್ಬರಿನಲ್ಲಿ, ಒಂದೇ ದಿನ ಬಿಟ್ಟು, ಮಂಗಳವಾರ.

ಆ ಭಾನುವಾರ ನಾನೆಲ್ಲಿದ್ದೆ ಎನ್ನುತ್ತೀರಿ? ನಾಲ್ಕೂವರೆ ಗಂಟೆಯ ಡ್ರೈವಿನಾಚೆ, ಶಿಕಾಗೋ ಪಕ್ಕದ ಇಟಾಸ್ಕಾದಲ್ಲಿ, ನಾದಿನಿಯ ಗೃಹಪ್ರವೇಶದಲ್ಲಿ. ಅತ್ತೆ ಅದಕ್ಕೆಂದೇ ಮೈಸೂರಿನಿಂದ ಬಂದಿದ್ದರು. ಜೀವಂತ ಹಸು ಸಿಗದೆ ಬೆಳ್ಳಿಯ ಹಸುವನ್ನು ತಟ್ಟೆಯಲ್ಲಿಟ್ಟು ಒಳಗೆ ತಂದಾಗಿತ್ತು. ಪುರೋಹಿತರು ಹೊಗೆಯ ಅಲಾರಂ ಕೂಗದಂತೆ ಹೋಮವನ್ನು ಚುಟುಕಾಗಿ ಮುಗಿಸುತ್ತಿದ್ದರು. ಆಗ ನನ್ನ ಸೆಲ್‌ಫೋನ್ ಬಡಿದುಕೊಂಡಿತು. ಆಟ ಮುಗಿಯುತ್ತ ಬಂದಿದೆ, ಎರಡೂ ಕಡೆ ಗೋಲಿಲ್ಲ, ಪಾಪಾ ಉಸಿರು ಬಿಗಿಹಿಡಿದು ಕೂತಿದ್ದಾರೆ. "ಅಲ್ಲಿ ಯಾವುದಾದರೂ ಮುಂಬಾಗಿಲಿದ್ದರೆ ದಯವಿಟ್ಟು ಒಳಗೆ ಹೋಗು" ಎಂದಳು ಅಡಾ. ಮುಂಬಾಗಿಲೇನೋ ಇತ್ತು, ಅರಿಶಿನ ಕುಂಕುಮ ಹಚ್ಚಿಕೊಂಡು, ತೋರಣ ಕಟ್ಟಿಸಿಕೊಂಡು. ನಾನು ಫೋನನ್ನು ಕಿವಿಗೊತ್ತಿಕೊಂಡು ಹೊರಗೆ ಹೋದೆ, ಒಳಗೆ ಬಂದೆ. ಏನೂ ಆಗಲಿಲ್ಲ. ಮತ್ತೆ ಹೋದೆ, ಮತ್ತೆ ಬಂದೆ. "ಅಮ್ಮಾ, ಯು ಆರ್ ಸೋ ಎಂಬ್ಯಾರಸಿಂಗ್!" ಎಂದು ಮಗಳು ಮುಖ ಮುಚ್ಚಿಕೊಂಡಳು. ಪ್ರಕಾಶ ನೆರೆದವರಿಗೆ ಸಂಗತಿ ವಿವರಿಸಿದ್ದೇ ತಪ್ಪಾಯಿತು. ರೇಷ್ಮೆ ಉಟ್ಟ ಆಂಟಿಯರೂ ಜುಬ್ಬಾ ತೊಟ್ಟ ಅಂಕಲ್‌ಗಳೂ ಹೋಮ ಬಿಟ್ಟು ಬಾಗಿಲಿಗೆ ಮುತ್ತಿದರು. ಮೂರನೆಯ ಸಲ ಕಾಲೆತ್ತಿದಾಗ ಗೋಡೆಗೊರಗಿ ಕೂತಿದ್ದ ಅತ್ತೆ ತಟ್ಟನೆ ಕೂಗಿದರು: "ಸುಮಾ, ಬಲಗಾಲು ಕಣೇ, ಬಲಗಾಲು!" ಬಲಗಾಲಿಟ್ಟೆ. ಫೋನಿನಲ್ಲಿ ಅಡಾಳ ಚೀತ್ಕಾರ, ಅದರ ಹಿಂದೆ ಒಂದಿಡೀ ಊರಿನ ಚೀತ್ಕಾರ. ಹೆಸರೂ ಕೇಳಿರದ ತಂಡ ಕಪ್ ಗೆದ್ದದ್ದಕ್ಕೆ ಇಟಾಸ್ಕಾದಲ್ಲಿ ಕನ್ನಡಿಗರು ಒಬ್ಬರಿಗೊಬ್ಬರು ಹೋಳಿಗೆ ತಿನ್ನಿಸಿದರು.

ಹಿಂದಿರುಗುವಾಗ ಕಾರಿನಲ್ಲಿ ಅತ್ತೆ ಪಾಪಾರ ಕತೆಯನ್ನೆಲ್ಲ ಕೇಳಿದರು. "ಅವರಿಗೂ ಎದೇದೇ ಏನೇ?" ಎಂದರು. ಹೌದೆಂದೆ. ಮನೆ ತಲುಪುವಷ್ಟರಲ್ಲಿ, ಮಂಗಳವಾರ ಆಪರೇಷನ್ ಎಷ್ಟು ಹೊತ್ತಿಗೆಂದು ಎರಡು ಸಲ ಕೇಳಿದರು.

ಓದುಗರನ್ನು ಸತಾಯಿಸುವುದು ನನಗೆ ಒಗ್ಗದು, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಆಪರೇಷನ್ ಚೆನ್ನಾಗಿಯೇ ಆಯಿತು, ಬೇಸಿಗೆಯಲ್ಲಿ ಪಾಪಾ ಊರಿಗೆ ಹೋಗಿ, ಕಪ್ಪನ್ನು ಎರಡೂ ಕೈಯಿಂದ ತಬ್ಬಿಕೊಂಡು ಫೋಟೋ ಹಿಡಿಸಿಕೊಂಡರು. ಆದರೆ ಆ ಮಂಗಳವಾರ ಬೆಳಿಗ್ಗೆ ಅದು ಯಾರಿಗೂ ಗೊತ್ತಿರಲಿಲ್ಲ. ನಾನು ಕಾಲಿಟ್ಟ ಮೇಲೆಯೇ ತಮ್ಮನ್ನು ಆಪರೇಷನ್ನಿಗೆ ಒಯ್ಯಬೇಕೆಂದು ಪಾಪಾ ಹಟ ಹಿಡಿದಿದ್ದರು. ಅಡಾ ಕೋಣೆಯ ಬಾಗಿಲಲ್ಲಿ ನಿಂತು ಕಣ್ಣಿನಲ್ಲೇ ಬೇಡುತ್ತಿದ್ದಳು. ನಾನೋ ಆಸ್ಪತ್ರೆಯ ಕಾರಿಡಾರಿನಲ್ಲಿ ಕಂಬದಂತೆ ನಿಂತುಬಿಟ್ಟೆ. ಗೋಲಿನ ಮಾತು ಬೇರೆ, ಜೀವದ ಮಾತು ಬೇರೆ. ಗೆದ್ದದ್ದು ನನ್ನ ಕಾಲಿನಿಂದ ಎಂದು ಹಿಗ್ಗಿ ಒಪ್ಪಿಕೊಂಡವಳು, ಮಾವನವರ ಸಾವನ್ನೂ ಅದೇ ಕಾಲಿನ ಲೆಕ್ಕಕ್ಕೆ ಬರೆದುಕೊಳ್ಳಬೇಕಲ್ಲ ಎಂಬುದು ಅಲ್ಲಿ, ಆ ಹೊಳೆಯುವ ನೆಲದ ಮೇಲೆ, ನನಗೆ ಹೊಳೆಯಿತು. ಪಾಪಾ ಹಿಂದಿರುಗದಿದ್ದರೆ? ಕಾಲು ಮೇಲೇಳಲಿಲ್ಲ.

ತಾನೂ ಬರುತ್ತೇನೆಂದು ಬೆಳಿಗ್ಗೆ ಹಟ ಮಾಡಿ ಕಾರು ಹತ್ತಿದ್ದ ಅತ್ತೆ, ಸೀರೆಯ ಮೇಲೆ ಸ್ವೆಟರ್ ತೊಟ್ಟು, ಮೊಮ್ಮಗಳ ಬೂಟು ಹಾಕಿಕೊಂಡು ನನ್ನ ಹಿಂದೆ ನಿಂತಿದ್ದರು. ನನ್ನ ಮುಖ ನೋಡಿದರು. ಏನು ಕಂಡಿತೋ, ನನ್ನ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ನೀನು ಇಲ್ಲೇ ನಿಂತ್ಕೋ ಮಗು. ನಾನು ಮೊದಲು ಹೋಗ್ತೀನಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕಾಲ್ಗುಣ ಅಂದ್ಕೊಳ್ಳಲಿ. ಆ ಮಾತು ನಿನಗೆ ಎರಡನೇ ಸಲ ಬೇಡ."

ಹೀಗೆಂದು ಸೆರಗು ಸರಿಪಡಿಸಿಕೊಂಡು, ತಮ್ಮ ಜೀವಮಾನದಲ್ಲಿ ಎಂದೂ ಕಂಡಿರದ ಆ ದರ್ಜಿಯ ಕೋಣೆಗೆ ನೆಟ್ಟಗೆ ನಡೆದುಹೋದರು. ನಾನು ಕಣ್ಣೊರಸಿಕೊಂಡು ಅವರ ಹಿಂದೆಯೇ ಹೋದೆ. ಯಾವ ಕಾಲು ಮೊದಲು ಇಟ್ಟೆನೋ ನೋಡಿಕೊಳ್ಳಲಿಲ್ಲ.