ಎರಡು ಸಲ ಕೈ ಬಡಿದ ಮೇಲೆ

ಕುಳಗೇರಿ ಕ್ರಾಸಿನ ಆ ಮಿಸ್ತ್ರಿ ಮಡ್‌ಗಾರ್ಡಿನ ಮೇಲೆ ಎರಡು ಸಲ ಕೈ ಬಡಿಯುವ ತನಕ ನಾನು ಕ್ಲಚ್ ಬಿಡುವಂತಿರಲಿಲ್ಲ. ಟ್ರೇಲರನ್ನು ಹಿಂದಕ್ಕೆ ಓಡಿಸುವ ಪಂದ್ಯಗಳಿಗೆ ನಮ್ಮ ಮಾವನ ಟ್ರ್ಯಾಕ್ಟರ್ ಸಜ್ಜು ಮಾಡುತ್ತಿದ್ದವರು ಅವರು, ಓಡಿಸುತ್ತಿದ್ದವ ನಾನು. ಸ್ಪ್ಯಾನರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ನಾನು ಅವಸರ ಮಾಡಿದರೆ, "ತಡಿ ತಮ್ಮಾ, ಗಾಡಿ ಇನ್ನೂ ಮಾತಾಡಾಕತ್ತೈತಿ" ಅನ್ನುತ್ತಿದ್ದರು.

ಮರೋಳದ ಪಂದ್ಯದಲ್ಲಿ ಅವರು ನೀರು ಕುಡಿಯಲು ಹೋದಾಗಲೇ ನಮ್ಮ ಸರದಿ ಕೂಗಿದರು. ನಾನೇ ಟ್ರೇಲರ್ ಜೋಡಿಸಿ ಪಿನ್ನು ಹಾಕಿದೆ. ಪಿನ್ನು ಮೇಲಕ್ಕೆ ಜಿಗಿಯದಂತೆ ಹಿಡಿಯುವ ಕ್ಲಿಪ್ಪನ್ನು ಮುಂಜಾನೆ ಬಿಚ್ಚುವಾಗ ಕಿಸೆಗೆ ಹಾಕಿಕೊಂಡಿದ್ದೆ; ಅದು ಅಲ್ಲೇ ಉಳಿಯಿತು. ಮಿಸ್ತ್ರಿ ಬರುವ ತನಕ ಕಾಯಲಿಲ್ಲ. ಅರ್ಧ ದಾರಿಯಲ್ಲಿ ಪಿನ್ನು ಕಳಚಿತು, ಟ್ರೇಲರ್ ಬದುವಿಗೆ ಬಡಿದು ಮಗುಚಿತು. ಜನ ಸಿಳ್ಳೆ ಹೊಡೆದು ನಕ್ಕರು.

"ಕ್ಲಿಪ್ ಹಾಕೋದು ಯಾರ ಕೆಲಸೋ ಮಿಸ್ತ್ರಿ?" ಅಂತ ಮಾವ ಎಲ್ಲರೆದುರು ಚೀರಿದರು.

ಮಿಸ್ತ್ರಿ ನನ್ನ ಕಡೆ ನೋಡಿದರು. ನಾನು ಕಿಸೆಯ ಮೇಲೆ ಕೈ ಇಟ್ಟುಕೊಂಡು ನೆಲ ನೋಡಿದೆ.

"ನಂದ ತಪ್ಪರಿ, ಸಾವ್ಕಾರ್ರ," ಅಂದರು.

ಆಮೇಲೆ ಯಾರೂ ಅವರನ್ನು ಪಂದ್ಯಕ್ಕೆ ಕರೆಯಲಿಲ್ಲ. ನಾನು ಮಾತ್ರ ಓಡಿಸುತ್ತಲೇ ಇದ್ದೆ.

ಹೋದ ತಿಂಗಳು ಅವರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಸೀಟಿನಿಂದ ಇಳಿಯದೆಯೇ ಒಂದು ಕ್ಲಿಪ್ ಕೇಳಿದೆ. ಅವರು ಅದನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಹಿಂದೆ ಹೋಗಿ ಪಿನ್ನಿಗೆ ಸಿಕ್ಕಿಸಿ ಜಗ್ಗಿ ನೋಡಿದರು.

"ಇದು ಇಲ್ಲಿರಬೇಕು ತಮ್ಮಾ, ಕಿಸೆದಾಗ ಅಲ್ಲ."

ಮಡ್‌ಗಾರ್ಡಿನ ಮೇಲೆ ಎರಡು ಸಲ ಕೈ ಬಡಿದರು. ನನಗೆ ಕ್ಲಚ್ ಬಿಡಲು ಆಗಲಿಲ್ಲ.