ಹಿಮ್ಮಡಿಯ ಬಲ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಚಾವಣಿಗೆ ಬಣ್ಣ ಬಳಿಯುವವರು. ಗೋಡೆಗೆ ಯಾರು ಬೇಕಾದರೂ ಬಳಿಯುತ್ತಾರೆ, ಅದು ಎದುರಿಗೆ ನಿಂತು ಬಳಿಸಿಕೊಳ್ಳುತ್ತದೆ ಎಂದು ಅವರಿಗೆ ಗೋಡೆಯ ಮೇಲೆ ಒಂಥರಾ ತಾತ್ಸಾರ. ಚಾವಣಿಗಾದರೆ ಕತ್ತು ಹಿಂದಕ್ಕೆ ಬಾಗಿಸಿ, ಕೈ ಮೇಲೆತ್ತಿ, ಈ ಮೂಲೆಯಿಂದ ಆ ಮೂಲೆ ಮುಟ್ಟುವವರೆಗೆ ಒಂದೇ ಸಮ ಬಳಿಯಬೇಕು. ನಡುವೆ ನಿಂತರೆ ಬಣ್ಣದ ಅಂಚು ಒಣಗಿ, ಅಲ್ಲೊಂದು ಗೆರೆ ಬೀಳುತ್ತದೆ. ಮೂವತ್ತೊಂದು ವರ್ಷ ಗೆರೆ ಬೀಳಿಸದ ಮನುಷ್ಯ ಅವರು. ಕೆಲಸದವರೆಲ್ಲ 'ಚಾವಣಿ ಮೇಸ್ತ್ರಿ' ಎಂದೇ ಕರೆಯುತ್ತಿದ್ದರು.

"ರೋಲರ್ ಓಡ್ಸೋದು ಕೈಯಲ್ಲ ಕಣೋ, ಹಿಮ್ಮಡಿ. ಬಲ ಕೆಳಗಿಂದ ಬರ್ಬೇಕು," ಎಂದು ಊಟಕ್ಕೆ ಕೂತಾಗಲೂ ಎದ್ದು ನಿಂತು ತೋರಿಸುತ್ತಿದ್ದರು. ಅಕ್ಕ ಬೈದು ಕೂರಿಸುತ್ತಿದ್ದಳು.

ನಾನು ಗಡಿಯಾರ ರಿಪೇರಿ ಮಾಡುವವನು. ಅವರ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತಿದ್ದ ನನಗೆ ಭಾವ 'ಸೂಜಿಗಣ್ಣ' ಎಂದು ಹೆಸರಿಟ್ಟಿದ್ದರು. "ಏನೋ ಸೂಜಿಗಣ್ಣಾ, ಸಾಸಿವೆಯಷ್ಟು ಚಕ್ರ ಕಾಣ್ಸುತ್ತೆ, ನಿಮ್ಮಕ್ಕ ಬಾಗ್ಲಲ್ಲಿಟ್ಟಿರೋ ಮಾರ್ಕೆಟ್ ಚೀಲ ಮಾತ್ರ ಕಾಣ್ಸಲ್ಲ ನಿಂಗೆ!"

ಹೋದ ವರ್ಷ ಅವರ ಬಲಭುಜ ಕೈಕೊಟ್ಟಿತು. ಮೊದಲು ತಲೆ ಬಾಚಲಾಗಲಿಲ್ಲ, ಆಮೇಲೆ ಅಂಗಿಯ ತೋಳಿಗೆ ಕೈ ತೂರಿಸಲಾಗಲಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರು, ಮಾಂಸಖಂಡ ಮೂಳೆಗೆ ಅಂಟುವ ಕಡೆ ನಾರು ಸವೆದಿದೆ, ಪುಣ್ಯಕ್ಕೆ ಹರಿದಿಲ್ಲ ಎಂದರು. ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಗೆ ಕಳಿಸಿದರು. ಅಕ್ಕನಿಗೆ ಹಾಸ್ಟೆಲ್ ಅಡುಗೆಮನೆಯ ಕೆಲಸ, ರಜೆ ಸಿಗದು. ಅಂಗಿ ಬಿಚ್ಚಿ ತೊಡಿಸಲು ಜೊತೆಗೊಬ್ಬರು ಬೇಕಿತ್ತು, ನಾನು ಹೊರಟೆ.

ಅದೊಂದು ಇಕ್ಕಟ್ಟಾದ ಕೋಣೆ. ಒಂದು ಮಂಚ, ಒಂದು ಕುರ್ಚಿ. ಕುರ್ಚಿಯ ಮೇಲೆ ಯಂತ್ರ ಕುಳಿತಿರುತ್ತಿತ್ತು, ಮನುಷ್ಯರು ನಿಂತಿರುತ್ತಿದ್ದರು. ಫಿಸಿಯೋ ಹುಡುಗಿ ಭಾವನ ಹೆಗಲಿನ ಹಿಂಭಾಗಕ್ಕೆ ಎರಡು ಪಟ್ಟಿ ಅಂಟಿಸಿ ಗುಂಡಿ ತಿರುಗಿಸುತ್ತಿದ್ದರು. ಚರ್ಮದಡಿಯ ಮಾಂಸ ತಾನಾಗಿ ಸೆಟೆದು ಸಡಿಲವಾಗುತ್ತಿತ್ತು.

"ನಿಮ್ಮಕ್ಕ ಕುಣಿಸಿದ್ರೂ ನಾನು ಹೀಗೆ ಕುಣಿದಿಲ್ವಲ್ಲೋ," ಎಂದು ಭಾವ ನಕ್ಕರು.

"ಕರೆಂಟು ಎಬ್ಬಿಸುತ್ತೆ ಅಷ್ಟೇ ಮೇಸ್ತ್ರಿಗಳೇ," ಎಂದರು ಆಕೆ. "ಎದ್ದು ಕೆಲ್ಸ ಮಾಡ್ಬೇಕಾದೋರು ನೀವು. ಅದು ಹಿಡ್ದಾಗೆಲ್ಲ ಈ ರಬ್ಬರ್ ಪಟ್ಟೀನ ನೀವೂ ಎಳೀಬೇಕು. ಹನ್ನೆರಡು ವಾರ. ಅಲ್ಲೀವರೆಗೂ ರೋಲರ್ ಮುಟ್ಟೋ ಹಾಗಿಲ್ಲ."

ವಾರಕ್ಕೊಮ್ಮೆ ಬಲ ಅಳೆಯುತ್ತಿದ್ದರು. ನಿಂತಲ್ಲೇ ಮೊಣಕೈ ಪಕ್ಕೆಗೆ ಒತ್ತಿಕೊಂಡು, ಆಕೆ ಹಿಡಿದ ಪುಟ್ಟ ಅಳತೆಯಂತ್ರವನ್ನು ಮುಂಗೈಯಿಂದ ಹೊರಗೆ ತಳ್ಳಬೇಕು. ಎಡಗೈಯದು ಹನ್ನೊಂದು ಕಿಲೋ. ಬಲಗೈಯದು ಮೊದಲ ವಾರ ಐದು, ಮೂರನೆಯ ವಾರ ಆರು, ಐದನೆಯ ವಾರ ಆರೂವರೆ. ನಿಧಾನವಾಗಿಯಾದರೂ ಏರುತ್ತಿತ್ತು. ಇದನ್ನು ಈಗ ಒತ್ತಿ ಹೇಳುತ್ತೇನೆ, ಏಕೆಂದರೆ ಅದು ನಿಜವಾಗಿಯೂ ವಾಸಿಯಾಗುತ್ತಿತ್ತು.

ಆದರೆ ಗುತ್ತಿಗೆದಾರ ಎಂಬ ಪ್ರಾಣಿಗೆ ಕ್ಯಾಲೆಂಡರೇ ದೇವರು. ಆರನೆಯ ವಾರ ಮನೆಗೇ ಬಂದ. "ಶಾಲೆಯ ದೊಡ್ಡ ಹಾಲ್ ಬಂದಿದೆ ಮೇಸ್ತ್ರಿ. ಕೈ ಸರಿಯಾಗಿದೆ ಅಂತ ಒಂದು ಚೀಟಿ ತಂದ್ರೆ ಚಾವಣಿ ನಿಮ್ದೇ. ಇಲ್ದಿದ್ರೆ ಇನ್ನು ಮೇಲೆ ಗೋಡೌನ್‌ನಲ್ಲಿ ಕೂತು ಬಣ್ಣ ಕಲಸಿಕೊಡಿ, ಚಾವಣಿಗೆ ಬೇರೆಯವ್ರನ್ನ ಇಟ್ಕೋತೀನಿ." ಅವನು ಹೋದ ಮೇಲೆ ಭಾವ ಬಹಳ ಹೊತ್ತು ನಮ್ಮನೆಯ ಚಾವಣಿ ನೋಡುತ್ತ ಕೂತರು. ಅಕ್ಕ ಕರೆದರೂ ಊಟಕ್ಕೆ ಏಳಲಿಲ್ಲ.

ಮರುದಿನ ಅಳತೆ. ಭಾವ ಹಲ್ಲು ಕಚ್ಚಿ ತಳ್ಳಿದರು. ನನ್ನ ಕಣ್ಣು ಸುಮ್ಮನೆ ಇರಬಾರದೇ, ನೆಲಕ್ಕೆ ಹೋಯಿತು. ಅವರ ಎಡಗಾಲಿನ ಹಿಮ್ಮಡಿ ಚಪ್ಪಲಿಯಿಂದ ಒಂದು ಕೂದಲೆಳೆಯಷ್ಟು ಎದ್ದಿತು. ಸೊಂಟ ಚೂರೇ ಚೂರು ತಿರುಗಿತು. ತಳ್ಳಿದ್ದು ಭುಜವಲ್ಲ, ಇಡೀ ಮೈ.

"ಹತ್ತು!" ಎಂದು ಆಕೆ ಹಿಗ್ಗಿದರು. ಯಂತ್ರದ ಅಂಕಿ ನೋಡುತ್ತಿದ್ದವರಿಗೆ ಕಾಲು ಕಾಣುವುದಾದರೂ ಹೇಗೆ? ಇನ್ನೊಮ್ಮೆ ತಳ್ಳಿಸಿದರು. ಹಿಮ್ಮಡಿ ಮತ್ತೆ ಎದ್ದಿತು, ಮತ್ತೆ ಹತ್ತು. ಭಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಕಿಲಾಡಿ ಮುದುಕ, ಬಾಯಿ ಮುಚ್ಚಿಕೊಂಡಿರು ಅನ್ನುತ್ತಿದ್ದಾರೆ ಎಂದುಕೊಂಡೆ. ಭಾವ-ಭಾಮೈದರ ನಡುವೆ ಇಂಥವು ಎಷ್ಟಿಲ್ಲ. ಅಕ್ಕನಿಗೆ ತಿಳಿಯದಂತೆ ಅವರ ಬೀಡಿಕಟ್ಟು ನನ್ನ ಮೇಜಿನ ಡ್ರಾಯರಿನಲ್ಲೇ ಇರುತ್ತಿತ್ತು. ಇದನ್ನೂ ಅದರ ಜೊತೆಗಿಟ್ಟೆ. ಎಡಗೈಯ ಹತ್ತಿರಕ್ಕೆ ಬಂತು, ಇನ್ನು ಹನ್ನೆರಡು ವಾರ ಕಾಯಬೇಕಿಲ್ಲ ಎಂದು ಆಕೆ ಭಾವ ಕೇಳಿದ ಚೀಟಿ ಬರೆಯುವಾಗ ಎರಡು ಸಲ ಬಾಯಿ ತೆರೆಯಲು ಹೋಗಿ, ತುಟಿ ಪಿಟಕ್ಕೆನ್ನದೆ ನಿಂತೆ. ಭಾವನ ಮುಖದ ಮೇಲಿನ ಸಂತೋಷ ಕೆಡಿಸುವ ಧೈರ್ಯ ನನಗಿರಲಿಲ್ಲ.

ಹಾಲ್ ಕೆಲಸದ ಮೂರನೆಯ ದಿನ ಮಧ್ಯಾಹ್ನ ನನಗೆ ಫೋನ್ ಬಂತು. ನಾನು ಹೋದಾಗ ಭಾವ ಅಟ್ಟಣೆಯ ಕೆಳಗೆ, ಬಣ್ಣದ ಡಬ್ಬದ ಮೇಲೆ ಕೂತಿದ್ದರು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಮುಖದ ಮೇಲೆಲ್ಲ ಬಿಳಿ ಹನಿ. ನೋವಿದೆಯಾ ಎಂದು ಕೇಳಿದರೂ ಮೇಲೆಯೇ ನೋಡುತ್ತಿದ್ದರು. ಅರ್ಧ ಚಾವಣಿ ಹಾಲಿನ ಹಾಗೆ ಬೆಳ್ಳಗಿತ್ತು. ನಡುಮಧ್ಯ ಅಂಚು ಒಣಗಿ, ಆ ಗೋಡೆಯಿಂದ ಈ ಗೋಡೆಗೆ ಗೆರೆ ಬಿದ್ದಿತ್ತು.

ನಾರು ಹರಿದಿತ್ತು. ಆಪರೇಷನ್ ಮಾಡಿದರೂ ಕೈ ತಲೆಯ ಮೇಲೆ ಹೋಗುವುದು ಕಷ್ಟ ಎಂದರು ಡಾಕ್ಟರು. ಮತ್ತೆ ಅದೇ ಇಕ್ಕಟ್ಟಿನ ಕೋಣೆಗೆ ಹೋದೆವು. ಈ ಸಲ ಆಕೆ ಭಾವನನ್ನು ಕಾಲು ನೆಲಕ್ಕೆ ತಾಗದಂತೆ ಮಂಚದ ಮೇಲೆ ಕೂರಿಸಿ ಅಳೆದರು. ಎರಡು ಕಿಲೋ. ಆಕೆ ಹಳೆಯ ಹಾಳೆ ತಿರುವಿ ತಿರುವಿ ನೋಡಿದರು.

"ಹತ್ತು ಅಂತ ನಾನೇ ಬರ್ದಿದ್ದೀನಿ ಮೇಸ್ತ್ರಿಗಳೇ. ನಾನೇ ಚೀಟಿ ಕೊಟ್ಟಿದ್ದೀನಿ." ಆಕೆಯ ಕಣ್ಣು ತುಂಬಿತ್ತು.

"ನಿಮ್ದೇನೂ ತಪ್ಪಿಲ್ಲಮ್ಮ. ಬಲ ಬಂದಿತ್ತು, ಮತ್ತೆ ಹೋಯ್ತು," ಎಂದರು ಭಾವ.

ನನಗೆ ಸಿಟ್ಟು ಬಂತು. ಇನ್ನೂ ನಾಟಕವೇ ಎನಿಸಿತು. ಬಸ್ ನಿಲ್ದಾಣದಲ್ಲಿ ತಡೆಯಲಾಗದೆ ಅಂದೆ: "ಆ ಹುಡುಗಿ ಹತ್ರ ಯಾಕೆ ಹಾಗಂದ್ರಿ ಭಾವ? ಅವತ್ತು ನೀವು ಹಿಮ್ಮಡಿ ಎತ್ತಿ ತಳ್ಳಿದ್ರಿ. ನಾನು ನೋಡಿದ್ದೆ."

"ಯಾವ ಹಿಮ್ಮಡಿ?"

"ಎಡಗಾಲಿಂದು. ಎರಡು ಸಲಾನೂ. ಆಮೇಲೆ ನನ್ಕಡೆ ನೋಡಿ ಹುಬ್ಬು ಹಾರಿಸಿದ್ರಲ್ಲ."

ಭಾವ ತಮ್ಮ ಪಾದ ನೋಡಿಕೊಂಡರು. "ಖುಷಿಗೆ ಹಾರಿಸ್ದೆ ಕಣೋ. ಹತ್ತು ಬಂತಲ್ಲ ಅಂತ." ಹಿಮ್ಮಡಿ ಒಮ್ಮೆ ಎತ್ತಿ ಇಳಿಸಿ, "ಕಾಲು ಎದ್ದಿದ್ದು ನಂಗೆ ಗೊತ್ತೇ ಇಲ್ಲ. ಭುಜ ವಾಸಿಯಾಯ್ತು ಅಂತಾನೇ ಅಂದ್ಕೊಂಡಿದ್ದೆ," ಎಂದರು.

ಮೂವತ್ತೊಂದು ವರ್ಷ ಹಿಮ್ಮಡಿಯಿಂದ ದುಡಿದ ಮೈ ಅದು. ತಳ್ಳು ಎಂದರೆ ಯಜಮಾನನನ್ನೂ ಕೇಳದೆ ಕಾಲೇ ಮುಂದಾಗಿತ್ತು.

"ಅವತ್ತೇ ನೋಡಿದ್ಯಾ ನೀನು?"

"ಹೂಂ."

ಬಸ್ ಬಂತು. ಭಾವ ಕಂಬಿಯತ್ತ ಬಲಗೈ ಚಾಚಲು ಹೋಗಿ, ಎಡಗೈಯಿಂದ ಹಿಡಿದು ಹತ್ತಿದರು.

ಈಗ ಗೋಡೌನಿನಲ್ಲಿ ಎಡಗೈಯಲ್ಲೇ ಬಣ್ಣ ಕಲಸುತ್ತಾರೆ. ಸಂಜೆ ಬಂದು ನನ್ನ ಅಂಗಡಿಯ ಬಾಗಿಲಲ್ಲಿ ಕೂರುತ್ತಾರೆ, ಬೀಡಿ ಕೇಳುತ್ತಾರೆ, ಮಾತೂ ಆಡುತ್ತಾರೆ. ಆದರೆ ಆ ದಿನದಿಂದ ಒಂದು ಸಲವೂ ನನ್ನನ್ನು ಸೂಜಿಗಣ್ಣ ಎಂದು ಕರೆದಿಲ್ಲ.