ಜರಡಿಗೆ ಸಿಗದ ಕಮಟು

ಬೇಕರಿಯ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಜರಡಿಯಕ್ಕ. ಹಿಟ್ಟಿರಲಿ, ಸಕ್ಕರೆಯಿರಲಿ, ಜರಡಿ ಹಿಡಿಯದೆ ಪಾತ್ರೆಗೆ ಸುರಿದವಳಲ್ಲ. ಗಂಡ ತೀರಿಕೊಂಡ ಮೇಲೆ ಒಲೆ ಅವಳ ಪಾಲಿಗೆ ಬಂತು, ಸಾಮಾನು ತರುವ ಕೆಲಸ ಮೈದುನನ ಪಾಲಿಗೆ.

ಮೈದುನನಿಗೆ ಓಟ್ಸ್‌ನಲ್ಲೂ ಜಾತಿಗಳಿವೆ ಎಂಬುದು ತಲೆಗೆ ಹತ್ತಿದ್ದೇ ಇಲ್ಲ. ಕಾಳು ಕತ್ತರಿಸಿದ ನುಚ್ಚು ಎಷ್ಟು ಬೇಯಿಸಿದರೂ ಬಿಸ್ಕತ್ತಿನಲ್ಲಿ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಬಿಸಿನೀರು ಹೊಯ್ದರೆ ಗಂಜಿಯಾಗುವ ದಿಢೀರ್ ಪುಡಿ ಅಂಟಂಟಾಗುತ್ತದೆ. ಬೇಕಾದದ್ದು ದಪ್ಪಗೆ, ಚಪ್ಪಟೆಯಾಗಿ ಒತ್ತಿದ ಇಡೀ ಕಾಳು. ಇದನ್ನು ಅವಳು ಗಿಳಿಗೆ ಹೇಳುವಂತೆ ಹೇಳಿದ್ದಳು. ಕೋಣನ ಮುಂದೆ ಕಿನ್ನರಿ.

ಒಂದು ಬೆಳಿಗ್ಗೆ ಅವನು ತಂದಿಳಿಸಿದ ಚೀಲದ ಬಾಯಿ ಬಿಚ್ಚಿದಳು. ಒಳಗಿದ್ದದ್ದು ಅದೇ ದಿಢೀರ್ ಪುಡಿ. ಸಾಲದ್ದಕ್ಕೆ ಹಳೇ ಎಣ್ಣೆಯಂಥ ಕಮಟು ವಾಸನೆ ಮುಖಕ್ಕೆ ರಾಚಿತು. ಕೈ ಹಾಕಿದಳು. ಬೆರಳಿಗೆ ಬೂದು ಬಣ್ಣದ ನೂಲು ಸುತ್ತಿಕೊಂಡಿತು. ನೂಲಿನ ತುದಿಯಲ್ಲಿ ಒಂದು ಬಿಳಿ ಹುಳು, ದಪ್ಪಗೆ, ಸೋಮಾರಿಯಾಗಿ ತಲೆ ಎತ್ತಿತು. ಅವಳು ಕೈ ಕೊಡವಿ ಹಿಂದೆ ಸರಿದಳು.

"ಇದನ್ನ ಎಲ್ಲಿಂದ ಹೊತ್ತು ತಂದೆಯೋ?"

"ಓಟ್ಸ್ ಅಂದ್ರೆ ಓಟ್ಸ್, ಅತ್ತಿಗೆ. ನಿಮ್ಮ ಜರಡಿ ಇದೆಯಲ್ಲ, ಹಿಡೀರಿ. ಉಳಿದದ್ದು ಒಲೆಯಲ್ಲಿ ಸಾಯುತ್ತೆ."

"ಹುಳ ಸಾಯುತ್ತೆ, ವಾಸನೆ ಸಾಯುತ್ತಾ?"

"ಒಂದು ಹಿಡಿ ಚಕ್ಕೆಪುಡಿ ಜಾಸ್ತಿ ಹಾಕಿ. ಯಾರಿಗೆ ಗೊತ್ತಾಗುತ್ತೆ?"

ಅವಳು ಮುಟ್ಟಲಿಲ್ಲ. ಅವನೇ ತೋಳು ಮಡಚಿ ಜರಡಿ ಹಿಡಿದ, ಕಲಸಿದ, ತಟ್ಟೆಗಳನ್ನು ಒಲೆಗೆ ತಳ್ಳಿದ. ಬಿಸ್ಕತ್ತುಗಳು ಕರಗಿ ಒಂದಕ್ಕೊಂದು ಅಂಟಿ ಸಗಣಿ ತಟ್ಟಿದಂತೆ ಹೊರಬಂದವು. ಚಕ್ಕೆಯ ಘಮದ ಅಡಿಯಲ್ಲಿ ಆ ಕಮಟು ಹಾಗೇ ಇತ್ತು. ಚಾಕುವಿನಲ್ಲಿ ಬಿಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿದ.

ಅಷ್ಟರಲ್ಲಿ ಶಾಲೆಯ ಮೇಡಂ ಬಂದರು. ಹಲ್ಲಿಲ್ಲದ ತಮ್ಮ ಅತ್ತೆಗೆ ಹಾಲಿನಲ್ಲಿ ನೆನೆಸಿ ಕೊಡಲು ಪ್ರತಿವಾರ ಬಿಸ್ಕತ್ತು ಒಯ್ಯುವವರು. ಮೈದುನ ನಗುನಗುತ್ತಾ ಪೊಟ್ಟಣ ಕಟ್ಟತೊಡಗಿದ. ಆ ನಗು ನೋಡಿ ಅವಳಿಗೆ ಹುಳು ನೋಡಿದಾಗಿನದಕ್ಕಿಂತ ಹೆಚ್ಚು ವಾಕರಿಕೆ ಬಂತು.

"ಮೊದಲು ನೀನು ಒಂದು ತಿನ್ನು," ಎಂದಳು.

"ಅತ್ತಿಗೆ, ಗಿರಾಕಿ ಮುಂದೆ…"

"ಅದಕ್ಕೇ ಹೇಳ್ತಿರೋದು. ತಿನ್ನು."

ಮೇಡಂ ಇಬ್ಬರ ಮುಖವನ್ನೂ ನೋಡುತ್ತಾ ನಿಂತರು. ಅವನು ಒಂದು ತುಂಡು ಬಾಯಿಗಿಟ್ಟ. ಅಗಿದ. ನುಂಗಲಾಗದೆ ಕೆನ್ನೆಯಲ್ಲಿ ಒತ್ತಿಕೊಂಡ. ಕಣ್ಣಲ್ಲಿ ನೀರು ಬಂತು. ಕೊನೆಗೆ ಬಚ್ಚಲಿಗೆ ಓಡಿ ಉಗಿದ.

"ಇವತ್ತು ಬಿಸ್ಕತ್ತಿಲ್ಲ ಮೇಡಂ," ಎಂದು ಜರಡಿಯಕ್ಕ ಪೊಟ್ಟಣವನ್ನು ಎಳೆದುಕೊಂಡು, ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಬಳಿದು ಕಸಕ್ಕೆ ಹಾಕಿದಳು. ಮೂರು ಸಲ ಸೋಪು ಹಚ್ಚಿ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ವಾಸನೆ ಉಳಿದಿತ್ತು.

"ಮಾನ ಕಳೆದ್ರಿ," ಎಂದ ಮೈದುನ ಬಾಯೊರೆಸಿಕೊಳ್ಳುತ್ತಾ. ತಿನ್ನಿಸಲು ಹೊರಟಿದ್ದಕ್ಕಲ್ಲ, ಸಿಕ್ಕಿಬಿದ್ದದ್ದಕ್ಕೆ ಅವನಿಗೆ ನಾಚಿಕೆ. ಅದು ಅವಳಿಗೆ ಎಲ್ಲಕ್ಕಿಂತ ಹೇಸಿಗೆಯೆನಿಸಿತು.

ಮರುದಿನದಿಂದ ಸಾಮಾನಿಗೆ ಅವಳೇ ಹೋದಳು. ಅಂಗಡಿಯಲ್ಲಿ ನಿಂತು ಓಟ್ಸನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಎರಡು ಕಾಳು ಕಚ್ಚಿ ನೋಡಿಯೇ ತರುತ್ತಾಳೆ. ಬಿಸ್ಕತ್ತು ಮೊದಲಿನಂತೆ ಗರಿಗರಿಯಾಗಿದೆ, ಮೇಡಂ ಈಗಲೂ ಬರುತ್ತಾರೆ. ಜರಡಿಯಕ್ಕ ಮಾತ್ರ ಅದನ್ನು ಬಾಯಿಗೆ ಹಾಕುವುದಿಲ್ಲ. ಮೈದುನ ಚಹಾ ತಂದುಕೊಟ್ಟರೂ ಮೊದಲು ಲೋಟದೊಳಗೆ ಇಣುಕುತ್ತಾಳೆ.